ಕಡಲ ಮಟ್ಟದ ಗಾಡಿ, ಬೆಟ್ಟದ ಗಾಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಬಯಿ, ಪುಣೆ, ಗೋವೆಯ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಏಜೆಂಟರ ಹಂಗಿಲ್ಲದೆ, ನಾವೇ ಗಾಡಿ ಓಡಿಸಿಕೊಂಡು ಎತ್ತರದ ಬೆಟ್ಟದ ದಾರಿ ಹಿಡಿಯುವುದು ಹೇಗೆ? ‘ಯಾವ ಗಾಡಿ ಕೊಳ್ಳಬೇಕು’ ಎಂದಷ್ಟೇ ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಸುಸ್ಥಿತಿಯಲ್ಲಿದ್ದರೆ ಮನೆ ಮುಂದೆ ನಿಂತಿರುವ ಗಾಡಿಯೇ ಸಾಕು. ತೊಂದರೆ ಇರುವುದು ಬೇರೆ ಕಡೆ. ನಮ್ಮ ಟೈರಿನ ಗಾಳಿ, ಬ್ರೇಕ್ ಆಯಿಲ್, ರೇಡಿಯೇಟರಿನ ನೀರು, ಕೊನೆಗೆ ನಮ್ಮ ಶ್ವಾಸಕೋಶ ಎಲ್ಲವೂ ಕಡಲ ಮಟ್ಟಕ್ಕೆ ಒಗ್ಗಿಕೊಂಡಿವೆ.

ಠಾಣೆಯ ಓದುಗರು: ಜೂನ್ ಕೊನೆಗೆ ಕಾರಿನಲ್ಲಿ ಲೇಹ್‌ಗೆ ಹೊರಟಿದ್ದೇವೆ. ಮೇಲೆ ಹೋದಂತೆ ಟೈರ್ ಉಬ್ಬಿ ಒಡೆಯುತ್ತದೆ, ಮನಾಲಿಯಲ್ಲೇ ಐದಾರು ಪಿಎಸ್‌ಐ (ಟೈರಿನ ಒತ್ತಡದ ಅಳತೆ) ಇಳಿಸಿಬಿಡಿ ಎನ್ನುತ್ತಾರೆ ಗೆಳೆಯರು. ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನಾವೇ ನೋಡಿದ್ದೇವೆ. ನಿಜವೇ?

ಪೊಟ್ಟಣದ ಮಟ್ಟಿಗೆ ನಿಜ. ಟೈರಿನ ಮಟ್ಟಿಗೆ ಅರ್ಧ ನಿಜ, ಆ ಅರ್ಧವೂ ಚಳಿಯಲ್ಲಿ ಕರಗಿಹೋಗುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಠಾಣೆಯಲ್ಲಿ 30 ಡಿಗ್ರಿ ಸೆಕೆಯಲ್ಲಿ 33 ಪಿಎಸ್‌ಐ ತುಂಬಿಸಿದಿರಿ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಕಡಲ ಮಟ್ಟದಲ್ಲಿ ಹೊರಗಿನ ಒತ್ತಡವೇ 14.7, ಹಾಗಾಗಿ ಟೈರಿನೊಳಗಿನ ನಿಜವಾದ ಒತ್ತಡ 47.7. ಐದು ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸುಮಾರು 7.8ಕ್ಕೆ ಇಳಿಯುತ್ತದೆ. ಹವೆ ಬೆಚ್ಚಗೇ ಇದ್ದಿದ್ದರೆ ಗೇಜು 40 ತೋರಿಸುತ್ತಿತ್ತು. ಆದರೆ ಅಲ್ಲಿ 5 ಡಿಗ್ರಿ. ತಣ್ಣಗಾದ ಗಾಳಿ ಕುಗ್ಗಿ ಒಳಗಿನ ಒತ್ತಡ 44ರ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ 7.8 ಕಳೆಯಿರಿ: ಗೇಜಿನಲ್ಲಿ 36. ಹೆಚ್ಚಾದದ್ದು ಮೂರೇ ಪಿಎಸ್‌ಐ! ಇಷ್ಟಕ್ಕೆ ಯಾವ ಒಳ್ಳೆಯ ಟೈರೂ ಒಡೆಯುವುದಿಲ್ಲ.

ಮನಾಲಿಯಲ್ಲಿ ಆರು ಇಳಿಸಿ ಹೊರಟವರ ಪಾಡು ಬೇರೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಸಡಿಲ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಪಕ್ಕದ ಗೋಡೆ ಒಳಗಿನಿಂದ ಕತ್ತರಿಸಿಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನ ಮೇಲ್ಮೈಗೆ ಮೊಳೆ ಚುಚ್ಚಿದರೆ ನೀವೇ ಪಟ್ಟಿ ತುರುಕಬಹುದು, ಪಕ್ಕದ ಗೋಡೆ ಸೀಳಿದರೆ ಯಾವ ಕಿಟ್ಟೂ ಉಪಯೋಗಕ್ಕೆ ಬಾರದು. ಆದ್ದರಿಂದ ಕಾರಿನ ಬಾಗಿಲ ಚೌಕಟ್ಟಿನಲ್ಲಿ ಪೂರ್ತಿ ಸಾಮಾನಿನ ಭಾರಕ್ಕೆಂದು ಬರೆದಿರುವ ಅಂಕಿಯನ್ನೇ ಇಟ್ಟುಕೊಳ್ಳಿ, ದಿನಾ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಅಳೆಯಿರಿ. ಮೇಲೆ ಹೊಂದಿಸಿದ್ದರೆ ಕೆಳಗೆ ಬಂದ ಮೇಲೆ ಮರೆಯದೆ ತುಂಬಿಸಿ. ಐದು ಸಾವಿರ ಮೀಟರಿನಲ್ಲಿ 33 ಇಟ್ಟ ಟೈರು ಠಾಣೆಯ ಸೆಕೆಯಲ್ಲಿ 30ಕ್ಕೆ ನಿಲ್ಲುತ್ತದೆ.

ನೀವು ಕೇಳದ ಒಂದು ಮಾತು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ನಮ್ಮ ಊರಿನದರ ಶೇ. 60 ಮಾತ್ರ. ಟರ್ಬೊ ಇಲ್ಲದ ಎಂಜಿನ್ನು ಹತ್ತಿರ ಹತ್ತಿರ ಅಷ್ಟೇ ಪಾಲಿಗೆ ಇಳಿಯುತ್ತದೆ. ಮನಾಲಿ-ಲೇಹ್ ದಾರಿಯ ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ ಒತ್ತಿ ಎಳೆದಾಡುವವರು ಟೈರಲ್ಲ, ಕ್ಲಚ್ ಪ್ಲೇಟ್ ಸುಟ್ಟುಕೊಂಡು ನಿಲ್ಲುತ್ತಾರೆ. ತಿರುವಿಗೆ ಮುಂಚೆಯೇ ಮೊದಲ ಗೇರಿಗೆ ಇಳಿಸಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಿರಿ.

ಮಡಗಾಂವ್‌ನ ಓದುಗರು: ಬೆಳಗಾವಿಯಿಂದ ಬರುವಾಗ ಚೋರ್ಲಾ ಘಾಟಿ ಇಳಿಯುತ್ತಿದ್ದಂತೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಯಿತು. ಕೆಳಗೆ ಬಂದು ಅರ್ಧ ಗಂಟೆ ನಿಂತ ಮೇಲೆ ತಾನೇ ಸರಿಹೋಯಿತು. ಗ್ಯಾರೇಜಿನಲ್ಲಿ ಪ್ಯಾಡ್ ಚೆನ್ನಾಗಿವೆ, ಏನೂ ಆಗಿಲ್ಲ ಎಂದರು. ಇದೇ ಕಾರಿನಲ್ಲಿ ಹಿಮಾಚಲದ ಸ್ಪಿತಿಗೆ ಹೋಗಬಹುದೇ?

ಈಗಿರುವ ಸ್ಥಿತಿಯಲ್ಲಿ ಬೇಡ. ಪ್ಯಾಡ್ ಚೆನ್ನಾಗಿದ್ದೂ ಪೆಡಲ್ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಯಾಯಿತು ಎಂದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಗೋವೆಯ ನಾಲ್ಕು ತಿಂಗಳ ಮಳೆಗಾಲಕ್ಕಿಂತ ತೇವ ಇನ್ನೆಲ್ಲಿ ಸಿಕ್ಕೀತು? ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಅದರ ಮಾನದಂಡವೇ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಅದುಮಿಸಿಕೊಳ್ಳುವುದಿಲ್ಲ, ಗುಳ್ಳೆ ಅದುಮಿಸಿಕೊಳ್ಳುತ್ತದೆ. ನಿಮ್ಮ ಕಾಲು ಒತ್ತಿದ್ದು ಆ ಗುಳ್ಳೆಯನ್ನು, ಬ್ರೇಕನ್ನಲ್ಲ.

ಪೂರ್ತಿ ಆಯಿಲ್ ಬದಲಿಸಿ. ಸಣ್ಣ ಕಾರಿಗೆ ಒಂದು ಲೀಟರ್ ಸಾಕು. ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ, ಏಕೆಂದರೆ ಗ್ಯಾರೇಜಿನ ಮೂಲೆಯಲ್ಲಿ ತಿಂಗಳಿಂದ ತೆರೆದಿಟ್ಟ ಡಬ್ಬಿಯೂ ನಿಮ್ಮ ಹಳೇ ಆಯಿಲ್ಲೂ ಒಂದೇ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯನ್ನಷ್ಟೇ ಖಾಲಿ ಮಾಡಿ ಹೊಸದು ಸುರಿದರೆ ಆಗಲಿಲ್ಲ. ನಾಲ್ಕೂ ಚಕ್ರದ ನಿಪ್ಪಲ್‌ನಿಂದ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಕಂದು ಬಣ್ಣ ಹೋಗಿ ತಿಳಿ ಆಯಿಲ್ ಬರುವವರೆಗೆ ತೆಗೆಯಬೇಕು. ಕರಾವಳಿಯವರು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಲೇಬೇಕು, ಗಾಡಿ ಎಷ್ಟೇ ಕಡಿಮೆ ಓಡಿರಲಿ.

ಆಯಿಲ್ ಹೊಸದಾದರೂ ಇಳಿಯುವ ರೀತಿ ಹಳೆಯದೇ ಆದರೆ ಮತ್ತೆ ಅದೇ ಕಥೆ. ಯಾವ ಗೇರಿನಲ್ಲಿ ಏರಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಕಾಲನ್ನು ಬ್ರೇಕಿನ ಮೇಲೆ ಸವರುತ್ತಾ ಇಡಬೇಡಿ. ವೇಗ ಹೆಚ್ಚಾಯಿತೆನಿಸಿದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ತಣ್ಣಗಾಗುವುದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವುದು ನಮ್ಮವರಲ್ಲಿ ಬೇರೂರಿದ ಚಟ. ಫ್ಯೂಯಲ್ ಇಂಜೆಕ್ಷನ್ ಇರುವ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗಲು ಇಂಧನ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಕಾಯಿರಿ, ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ: ನಿಮಗೆ ಚೋರ್ಲಾ, ಅನ್‌ಮೋಡ್ ಇವೆ, ಪುಣೆಯವರಿಗೆ ತಾಮ್ಹಿಣಿ, ವರಂಧಾ.

ಪಿಂಪ್ರಿಯ ಓದುಗರು: ಒಂಬತ್ತು ದಿನ ರಜೆ. ಸ್ವಂತ ಕಾರಿನಲ್ಲಿ ಮನಾಲಿ, ಸರ್ಚು, ಲೇಹ್, ಪ್ಯಾಂಗಾಂಗ್ ನೋಡಿಕೊಂಡು ವಾಪಸ್. ಜೊತೆಗೆ ಅಪ್ಪ (64), ಅಮ್ಮ (60). ಅಪ್ಪ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಲ್ಲರಿಗೂ ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಕೊಟ್ಟರೆ ಸಾಕೇ?

ಸಾಲದು, ಒಂಬತ್ತು ದಿನವೂ ಸಾಲದು. ಪುಣೆಯಿಂದ ಮನಾಲಿಗೇ ಸುಮಾರು 2,000 ಕಿ.ಮೀ., ಅಪ್ಪ-ಅಮ್ಮ ಜೊತೆಗಿದ್ದರೆ ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಉಳಿದ ಒಂದು ದಿನದಲ್ಲಿ ಲಡಾಖ್ ನೋಡುವುದೆಂದರೆ ಕಿಟಕಿಯಿಂದ ತಲೆ ಹಾಕಿ ಬಂದಂತೆ.

ದಿನಗಳಿಗಿಂತ ದೊಡ್ಡ ಸಮಸ್ಯೆ ಸರ್ಚುವಿನಲ್ಲಿ ರಾತ್ರಿ ತಂಗುವುದು. ಮನಾಲಿ 2,050 ಮೀಟರ್, ಸರ್ಚು ಸುಮಾರು 4,290. ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಈ ದಾರಿ ಇನ್ನೂ ಚುರುಕಾಗಿದೆ, ದೇಹಕ್ಕೆ ಅದೇ ಕೆಟ್ಟದ್ದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎನ್ನುತ್ತದೆ ಪರ್ವತ ವೈದ್ಯಕೀಯ. ‘ಮಲಗುವ’ ಎಂಬ ಪದಕ್ಕೆ ಗೆರೆ ಹಾಕಿಕೊಳ್ಳಿ. ಹಗಲಲ್ಲಿ ಎತ್ತರದ ಪಾಸ್ (ಬೆಟ್ಟ ದಾಟುವ ಹಾದಿ) ದಾಟಿ ಕೆಳಗಿಳಿದರೆ ದೇಹ ತಡೆದುಕೊಳ್ಳುತ್ತದೆ, ರಾತ್ರಿ ಎತ್ತರದಲ್ಲಿ ಕಳೆದರೆ ಬೆಳಗಿನ ಜಾವ ತಲೆ ಸಿಡಿಯುತ್ತದೆ.

ನಮ್ಮ ಸಲಹೆ: ಕಾರನ್ನು ಪಿಂಪ್ರಿಯಲ್ಲೇ ಬಿಡಿ. ಶ್ರೀನಗರಕ್ಕೆ (1,585 ಮೀ.) ವಿಮಾನದಲ್ಲಿ ಹೋಗಿ ಎರಡು ರಾತ್ರಿ ಇರಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸೋನಮರ್ಗ್ ಮೇಲೆ ಕಾರ್ಗಿಲ್. ದಾರಿಯ ಜೋಜಿ ಲಾ ಪಾಸ್ 3,528 ಮೀಟರ್ ಆದರೂ ಮಲಗುವುದು ಕಾರ್ಗಿಲ್‌ನಲ್ಲಿ, 2,700ರ ಒಳಗೆ. ಮರುದಿನ 4,108 ಮೀಟರಿನ ಫೋಟು ಲಾ ದಾಟಿ ಲೇಹ್ (3,500 ಮೀ.). ಅಲ್ಲಿ ಎರಡು ದಿನ ಪೇಟೆ, ಗೊಂಪ (ಬೌದ್ಧ ಮಠ), ವಿಶ್ರಾಂತಿ, ಆಮೇಲೆ ಬೇಕಾದರೆ ಪ್ಯಾಂಗಾಂಗ್‌ಗೆ ಹಗಲಲ್ಲಿ ಹೋಗಿ ಬನ್ನಿ. ವಾಪಸ್ ಲೇಹ್‌ನಿಂದ ವಿಮಾನ. ಕಾರೇ ಬೇಕೆಂದರೆ ಹದಿನಾರು ದಿನ ರಜೆ ಹಾಕಿ, ಶ್ರೀನಗರದ ಕಡೆಯಿಂದ ಏರಿ ಮನಾಲಿಯ ಕಡೆಗೆ ಇಳಿಯಿರಿ. ಮನಾಲಿ ಕಡೆಯಿಂದಲೇ ಏರುವ ಹಟವಿದ್ದರೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆದು, ನಸುಕಿನಲ್ಲೇ ಹೊರಟು, ಸರ್ಚುವಿನಲ್ಲಿ ಚಹಾ ಕುಡಿದು ಅದೇ ದಿನ ಲೇಹ್ ಸೇರಿ.

ಡೈಮಾಕ್ಸ್, ಅಂದರೆ ಅಸಿಟಜೋಲಮೈಡ್, ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚುತ್ತದೆ, ಇವೆರಡೂ ಸಹಜ. ಸಲ್ಫಾ ಅಲರ್ಜಿ ಇರುವವರಿಗೆ ಆಗದಿರಬಹುದು. ಅಪ್ಪನ ಬಿಪಿ ಮಾತ್ರೆಯಲ್ಲೇ ಮೂತ್ರ ಹೆಚ್ಚಿಸುವ ಅಂಶ ಇರುವ ಸಾಧ್ಯತೆಯಿದೆ, ಆದ್ದರಿಂದ ಅವರ ಡಾಕ್ಟರನ್ನು ಕೇಳದೆ ಕೊಡಬೇಡಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲಿಂದ ಮೇಲೆ ಹೋಗುವಂತಿಲ್ಲ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಕೆಳಗಿಳಿಸಿ. ಅಂಗಡಿಯಲ್ಲಿ ಸಿಗುವ ಪುಟ್ಟ ಆಕ್ಸಿಜನ್ ಡಬ್ಬಿ ಕೆಲವು ನಿಮಿಷಕ್ಕೆ ಮುಗಿಯುತ್ತದೆ, ಅದನ್ನು ನಂಬಿ ಕೂರಬೇಡಿ. ಇನ್ನೊಂದು ಮರೆಯಬೇಡಿ: ಹೊರ ರಾಜ್ಯಗಳ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್‌ಗಳಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಪೋಸ್ಟ್‌ಪೇಯ್ಡ್ ಇರಲಿ.

ಡೊಂಬಿವಿಲಿಯ ಓದುಗರು: ತಜಿಕಿಸ್ತಾನದ ಪಾಮಿರ್ ಹೆದ್ದಾರಿಯನ್ನು ನಮ್ಮದೇ ಕಾರಿನಲ್ಲಿ ಓಡಿಸುವ ಆಸೆ ನನಗೂ ತಮ್ಮನಿಗೂ. ಕಾರ್ನೆ ಎಂಬ ಕಾಗದ ಬೇಕಂತೆ. ಎಲ್ಲಿಂದ ಶುರು ಮಾಡುವುದು?

ಕಾರ್ನೆ ಎಂದರೆ ಗಾಡಿಯ ಪಾಸ್‌ಪೋರ್ಟ್ ಎಂದುಕೊಳ್ಳಿ. ಈ ಗಾಡಿಯನ್ನು ಇಲ್ಲಿ ಮಾರದೆ ವಾಪಸ್ ಒಯ್ಯುತ್ತೇವೆ ಎಂದು ಬೇರೆ ದೇಶದ ಸುಂಕದವರಿಗೆ ಕೊಡುವ ಗ್ಯಾರಂಟಿ. ನಿಮ್ಮ ಪುಣ್ಯ, ಇದನ್ನು ಕೊಡುವ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನ ಕಚೇರಿ ಚರ್ಚ್‌ಗೇಟ್‌ನಲ್ಲೇ ಇದೆ, ಡೊಂಬಿವಿಲಿಯಿಂದ ಲೋಕಲ್ ದೂರ. ಗಾಡಿಯ ಬೆಲೆಗೆ ತಕ್ಕಂತೆ ಭದ್ರತೆ ಇಡಬೇಕು, ಒಂದು ವರ್ಷ ಚಾಲ್ತಿ. ಒಂದೊಂದು ಹಾಳೆಯಲ್ಲೂ ಮೂರು ಭಾಗ: ಒಳಬರುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಒಂದನ್ನು, ಮೂರನೆಯದು ಎರಡೂ ಮುದ್ರೆ ಹೊತ್ತು ನಿಮ್ಮಲ್ಲೇ ಉಳಿಯುತ್ತದೆ. ಜನ ಎಡವುವುದು ಇಲ್ಲೇ. ಗಡಿಯ ಗದ್ದಲದಲ್ಲಿ ಹೊರಹೋಗುವ ಮುದ್ರೆ ಹಾಕಿಸಿಕೊಳ್ಳದೆ ಬಂದುಬಿಟ್ಟರೆ ಆ ದೇಶದ ಲೆಕ್ಕದಲ್ಲಿ ಗಾಡಿ ಇನ್ನೂ ಅಲ್ಲೇ ಇದೆ, ಭದ್ರತೆಯ ಹಣ ಸಿಕ್ಕಿಬೀಳುತ್ತದೆ.

ಆದರೆ ಒಂದು ಸಂಗತಿ. ಈ ದಾರಿಯಲ್ಲಿ ಕಾರ್ನೆಯನ್ನು ಕಡ್ಡಾಯವಾಗಿ ಕೇಳುವುದು ಇರಾನ್. ತಜಿಕಿಸ್ತಾನ, ಕಿರ್ಗಿಸ್ತಾನಗಳಲ್ಲಿ ಗಡಿಯಲ್ಲೇ ತಾತ್ಕಾಲಿಕ ಆಮದು ಚೀಟಿ ಕೊಡುತ್ತಾರೆ. ಹಾಗಾದರೆ ಅಲ್ಲಿಗೆ ಮುಟ್ಟುವುದು ಹೇಗೆ? ಪಾಕಿಸ್ತಾನದ ದಾರಿ ನಮಗೆ ಮುಚ್ಚಿದೆ. ನೇಪಾಳದಿಂದ ಟಿಬೆಟ್ ಮೂಲಕ ಎಂದರೆ ಚೀನಾದ ಗೈಡ್, ತಾತ್ಕಾಲಿಕ ನಂಬರ್ ಪ್ಲೇಟು, ತಾತ್ಕಾಲಿಕ ಲೈಸೆನ್ಸು, ಎಲ್ಲಕ್ಕೂ ದುಡ್ಡು. ಇನ್ನುಳಿದದ್ದು ನ್ಹಾವಾ ಶೇವಾ ಬಂದರಿನಿಂದ ಕಂಟೇನರಿನಲ್ಲಿ ಇರಾನಿಗೆ ಕಳಿಸುವುದು. ನಾಲ್ಕು ತಿಂಗಳಿಗಿಂತ ಕಡಿಮೆ ಪ್ರವಾಸಕ್ಕೆ ಇದು ಲೆಕ್ಕಕ್ಕೆ ಕೂರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡು-ಮೂರು ವಾರದ ರಜೆ ಇದ್ದರೆ ತಜಿಕಿಸ್ತಾನದ ದುಶಾಂಬೆ ಅಥವಾ ಕಿರ್ಗಿಸ್ತಾನದ ಓಷ್‌ನಲ್ಲಿ ಫೋರ್-ವೀಲ್ ಗಾಡಿ ಬಾಡಿಗೆಗೆ ಹಿಡಿಯಿರಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮರೆಯಬೇಡಿ: ಆರ್‌ಟಿಒದಲ್ಲಿ ಫಾರ್ಮ್ 4ಎ, ಸಾವಿರ ರೂಪಾಯಿ ಶುಲ್ಕ, ಒಂದು ವರ್ಷ ಚಾಲ್ತಿ. ವೀಸಾದ ಜೊತೆಗೆ ಪಾಮಿರ್ ಇರುವ ಗೋರ್ನೊ-ಬದಖ್ಶಾನ್ ಪ್ರಾಂತದ ಪರವಾನಗಿ ಪ್ರತ್ಯೇಕವಾಗಿ ಬೇಕು. ಅದಿಲ್ಲದೆ ಹೆದ್ದಾರಿಯ ತಪಾಸಣೆ ಚೌಕಿ ದಾಟಲಾರಿರಿ.

ಯಾವ ಕಡೆಯಿಂದ ಏರುವುದು ಎಂಬುದಕ್ಕೆ ಪಿಂಪ್ರಿಯವರಿಗೆ ಹೇಳಿದ ಲೆಕ್ಕವೇ. ಓಷ್ ಸುಮಾರು ಸಾವಿರ ಮೀಟರಿನ ಊರು. ಅಲ್ಲಿಂದ ಹೊರಟು ಅದೇ ದಿನ ಕರಾಕುಲ್ ಸರೋವರದ ದಡದಲ್ಲಿ ಮಲಗಿದರೆ 3,900 ಮೀಟರ್. ದುಶಾಂಬೆಯಿಂದ ಹೊರಟರೆ ಪಂಜ್ ನದಿಯ ಬದಿಯಲ್ಲೇ ಖೊರೊಗ್‌ವರೆಗೆ (ಸುಮಾರು 2,100 ಮೀ.) ನಿಧಾನ ಏರು, ಅಲ್ಲಿ ಎರಡು ರಾತ್ರಿ, ಆಮೇಲೆ 3,600ರ ಮುರ್ಗಾಬ್, ಆ ಮೇಲೆ 4,655 ಮೀಟರಿನ ಅಕ್-ಬೈತಾಲ್ ಪಾಸ್. ಪಂಜ್‌ನ ಆಚೆ ದಡ ಅಫ್ಘಾನಿಸ್ತಾನ. ಈ ಗಡಿಯುದ್ದಕ್ಕೂ ಕೆಲವೆಡೆ ನೆಲಬಾಂಬುಗಳಿವೆ, ಟೆಂಟ್ ಹಾಕಲು ನದಿ ದಂಡೆಗೆ ಇಳಿಯಬೇಡಿ. ಖೊರೊಗ್‌ನಿಂದ ಓಷ್‌ವರೆಗೆ 700 ಕಿ.ಮೀ.ಗೂ ಮಿಕ್ಕಿದ ದಾರಿಯಲ್ಲಿ ನಮ್ಮ ಹೆದ್ದಾರಿಯಂಥ ಪಂಪುಗಳ ಸಾಲು ಇಲ್ಲ, ಕೆಲವೆಡೆ ಬಕೆಟ್ಟಿನಿಂದ ಅಳೆದು ಸುರಿಯುತ್ತಾರೆ. ಸಣ್ಣ ಜಾಲರಿಯ ಆಲಿಕೆ ಒಯ್ಯಿರಿ. ಖೊರೊಗ್‌ನಲ್ಲೇ ನಗದು ತೆಗೆದಿಟ್ಟುಕೊಳ್ಳಿ. ತಜಿಕ್-ಕಿರ್ಗಿಜ್ ಗಡಿ ಕೆಲವು ವರ್ಷ ಮುಚ್ಚಿತ್ತು, ಆದ್ದರಿಂದ ಟಿಕೆಟ್ ತೆಗೆಸುವ ಮುಂಚೆ ಅದು ತೆರೆದಿದೆಯೇ ಎಂದು ಕೇಳಿಕೊಳ್ಳಿ.

ದಾದರ್‌ನ ಓದುಗರು: ಬೆಟ್ಟದ ರಸ್ತೆಗೆ ಅಡ್ಡವಾಗಿ ಹರಿಯುವ ಹಳ್ಳಗಳನ್ನು ಸಾಮಾನ್ಯ ಕಾರಿನಲ್ಲಿ ದಾಟಬಹುದೇ?

ಪ್ರತಿ ಮಳೆಗಾಲ ದಾದರ್‌ನ ಹಿಂದಮಾತಾ ಚೌಕದ ನೀರು ನೋಡುವ ನಿಮಗೆ ಅರ್ಧ ಪಾಠ ಆಗಲೇ ಬಂದಿದೆ. ಉಳಿದರ್ಧ ಏನೆಂದರೆ, ಹಿಂದಮಾತಾದ ನೀರು ನಿಂತಿರುತ್ತದೆ, ಇದು ಹರಿಯುತ್ತದೆ. ಹಿಮ ಕರಗಿದ ನೀರಿಗೆ ಗಡಿಯಾರವಿದೆ: ನಸುಕಿನಲ್ಲಿ ಮೊಣಕಾಲಿಗೂ ಬಾರದ ಹಳ್ಳ ಮಧ್ಯಾಹ್ನದ ಬಿಸಿಲಾದ ಮೇಲೆ ಸಂಜೆಯ ಹೊತ್ತಿಗೆ ಸೊಂಟಕ್ಕೆ ಬಂದೀತು. ಹಳ್ಳವಿರುವ ದಿನ ಆರು ಗಂಟೆಗೇ ಹೊರಡಿ. ನೀರು ಚಕ್ರದ ನಡುಗುಂಬಕ್ಕಿಂತ ಮೇಲಿದ್ದರೆ ಸಾಮಾನ್ಯ ಕಾರಿಗೆ ಬೇಡ. ಮುಂದಿನ ಗಾಡಿ ದಾಟುವುದನ್ನು ನೋಡಿ, ಅದರ ಚಕ್ರ ಎಲ್ಲಿ ಮುಳುಗಿತು ಎಂದು ಗುರುತಿಟ್ಟುಕೊಳ್ಳಿ. ಮೊದಲ ಗೇರು, ಒಂದೇ ವೇಗ, ನಡುವೆ ಕ್ಲಚ್ ಮುಟ್ಟುವಂತಿಲ್ಲ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಿ. ನಡುನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ನಷ್ಟಕ್ಕೆ ಸಾಮಾನ್ಯ ವಿಮೆಯಲ್ಲಿ ದುಡ್ಡು ಸಿಗುವುದು ಕಷ್ಟ, ಎಂಜಿನ್ ರಕ್ಷಣೆಯ ಆಡ್-ಆನ್ ಇದೆಯೇ ನೋಡಿಕೊಳ್ಳಿ.

ವಾಸ್ಕೋದ ಓದುಗರು: ಐಸ್‌ಲ್ಯಾಂಡ್‌ನಲ್ಲಿ ಸಣ್ಣ ಕಾರು ಬಾಡಿಗೆಗೆ ಹಿಡಿದು ಒಳನಾಡಿನ ಬೆಟ್ಟಗಳಿಗೆ ಹೋಗಬಹುದೇ?

ದ್ವೀಪ ಸುತ್ತುವ ಒಂದನೇ ನಂಬರ್ ರಸ್ತೆಗೆ ಬೇಸಿಗೆಯಲ್ಲಿ ಸಣ್ಣ ಕಾರು ಸಾಕು. ನಂಬರಿನ ಮುಂದೆ ‘ಎಫ್’ ಅಕ್ಷರವಿರುವ ಬೆಟ್ಟದ ರಸ್ತೆಗಳಿಗೆ ಫೋರ್-ವೀಲ್ ಗಾಡಿಯೇ ಆಗಬೇಕು. ಅವು ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ ತೆರೆಯುತ್ತವೆ. ಫೋರ್-ವೀಲ್ ಹಿಡಿದರೂ ನದಿ ದಾಟುವಾಗ ಆದ ಹಾನಿಗೆ ಬಾಡಿಗೆ ಕಂಪನಿಗಳ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಜನ ಹೆಚ್ಚಾಗಿ ದಂಡ ತೆರುವುದು ಒಂದು ಸಣ್ಣ ವಿಷಯಕ್ಕೆ: ಗಾಳಿಗೆ ಬೆನ್ನು ಮಾಡಿ ಕಾರು ನಿಲ್ಲಿಸಿ ಬಾಗಿಲು ತೆರೆಯುತ್ತಾರೆ, ಗಾಳಿ ಬಾಗಿಲನ್ನು ಹಿಂದಕ್ಕೆ ಮಡಚಿಹಾಕುತ್ತದೆ. ಮೂತಿ ಗಾಳಿಗೆ ಎದುರಾಗುವಂತೆ ನಿಲ್ಲಿಸಿ, ಬಾಗಿಲನ್ನು ಕೈಯಲ್ಲಿ ಹಿಡಿದೇ ತೆರೆಯಿರಿ.

ಕೊಥ್ರೂಡ್‌ನ ಓದುಗರು: ಲೇಹ್‌ಗೆ ಹೊರಟಿರುವುದು ಹಳೆಯ ಕಾರ್ಬ್ಯುರೇಟರ್ ಬುಲೆಟ್‌ನಲ್ಲಿ. ಟ್ಯಾಂಕು 13 ಲೀಟರ್, ಮೈಲೇಜ್ 35. ಮೇಲೆ ಹೋದಾಗ ಏರ್ ಫಿಲ್ಟರ್ ತೆಗೆದುಬಿಡಿ ಎನ್ನುತ್ತಾರೆ ಮೆಕ್ಯಾನಿಕ್. ತೆಗೆಯಲೇ? ಪೆಟ್ರೋಲ್ ಸಾಲುತ್ತದೆಯೇ?

ತೆಗೆಯಬೇಡಿ. ಗಾಳಿ ತೆಳುವಾದಾಗ ಪೆಟ್ರೋಲಿನ ಪಾಲು ಹೆಚ್ಚಾಗಿ ಪ್ಲಗ್ ಮಸಿ ಹಿಡಿಯುವುದು ನಿಜ, ಆದರೆ ಅದಕ್ಕೆ ಮದ್ದು ಒಂದು ಸೈಜ್ ಚಿಕ್ಕ ಮೇನ್ ಜೆಟ್ ಮತ್ತು ಎರಡು ಹೆಚ್ಚುವರಿ ಪ್ಲಗ್. ಫಿಲ್ಟರ್ ಇಲ್ಲದೆ ಲೇಹ್ ದಾರಿಯ ‘ಮೋರೆ’ ಎಂಬ ಬಯಲಿನ ಧೂಳು ಕುಡಿದ ಸಿಲಿಂಡರ್ ಮರಳಿ ಪುಣೆ ನೋಡುವಷ್ಟರಲ್ಲಿ ಸವೆದಿರುತ್ತದೆ. ಕೆಳಗಿಳಿದ ಮೇಲೆ ಹಳೆಯ ಜೆಟ್ ಮತ್ತೆ ಹಾಕಿಸಿ, ಇಲ್ಲದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಪೆಟ್ರೋಲ್ ಲೆಕ್ಕ: 13 × 35 = 455. ಏರು, ಕೆಟ್ಟ ರಸ್ತೆಗೆಂದು ಕಾಲು ಭಾಗ ಕಳೆದರೆ 340 ಕಿ.ಮೀ. ‘ಮುಂದಿನ ಪಂಪು 365 ಕಿ.ಮೀ.’ ಎಂಬ, ಮನಾಲಿ-ಲೇಹ್ ದಾರಿಯ ತಾಂಡಿ ಊರಿನ ಹೆಸರಾಂತ ಬೋರ್ಡನ್ನೇ ನಂಬಿ ಐದು ಲೀಟರಿನ ಕಬ್ಬಿಣದ ಕ್ಯಾನ್ ಒಯ್ಯಿರಿ, ಕುತ್ತಿಗೆವರೆಗೆ ತುಂಬದೆ ಸ್ವಲ್ಪ ಖಾಲಿ ಬಿಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬುವ ಕೆಲಸ ಬೇಡ.

ಫೋಂಡಾದ ಓದುಗರು: ಜನವರಿಯಲ್ಲಿ ಡೀಸೆಲ್ ಕಾರಿನಲ್ಲಿ ಸ್ಪಿತಿ. ಡೀಸೆಲ್ ಹೆಪ್ಪುಗಟ್ಟದಂತೆ ಸೀಮೆಎಣ್ಣೆ ಬೆರೆಸಬೇಕೇ?

ಹಳೇ ಲಾರಿಗಳಿಗೆ ಅದು ನಡೆಯುತ್ತಿತ್ತು. ಈಗಿನ ಕಾಮನ್ ರೇಲ್ ಪಂಪಿಗೆ ಡೀಸೆಲ್ಲಿನ ಜಿಡ್ಡೇ ಎಣ್ಣೆ, ಸೀಮೆಎಣ್ಣೆ ಬೆರೆಸಿದರೆ ಪಂಪು ಒಣಗಿ ಸವೆಯುತ್ತದೆ. ಗೋವೆಯ ಡೀಸೆಲ್ಲನ್ನು ಮೇಲಕ್ಕೆ ಒಯ್ಯದೆ ಕೆಳಗೆ ಖಾಲಿ ಮಾಡಿ, ಬೆಟ್ಟದ ಪಂಪಿನಲ್ಲಿ ತುಂಬಿಸಿ. ರಾತ್ರಿ ಟ್ಯಾಂಕು ತುಂಬಿರಲಿ. ಅದಕ್ಕಿಂತ ಮೊದಲು ರೇಡಿಯೇಟರ್ ನೋಡಿ. ನಮ್ಮ ಕಡೆ ಕಡಿಮೆಯಾದಾಗಲೆಲ್ಲ ನಲ್ಲಿ ನೀರು ಸುರಿದು ಸುರಿದು ಕೂಲೆಂಟ್ ಹೆಸರಿಗಷ್ಟೇ ಉಳಿದಿರುತ್ತದೆ, ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಸೀಳುತ್ತದೆ. ಪೂರ್ತಿ ಖಾಲಿ ಮಾಡಿಸಿ, ಗ್ಲೈಕಾಲ್ ಮತ್ತು ಶುದ್ಧ ನೀರು ಅರ್ಧಕ್ಕರ್ಧ ತುಂಬಿಸಿ. ಇದು ಸುಮಾರು ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ. ಗಾಜು ತೊಳೆಯುವ ಡಬ್ಬಿಯ ನೀರನ್ನೂ ಚೆಲ್ಲಿ. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಕೇಬಲ್ಲಿನ ತೇವ ಹೆಪ್ಪುಗಟ್ಟಿ ಬೆಳಗ್ಗೆ ಬಿಡುವುದಿಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮುಲುಂಡ್‌ನ ಓದುಗರು: ಹೊರಗಿನ ಊಟ ಅಮ್ಮನಿಗೆ ಒಗ್ಗುವುದಿಲ್ಲ. ಸಣ್ಣ ಸ್ಟವ್, ಪಾತ್ರೆ ಒಯ್ದು ಅನ್ನ-ಸಾರು ಮಾಡಿಕೊಳ್ಳಬಹುದೇ?

ಪಾತ್ರೆಯಲ್ಲಿ ಆಗದು. ಐದು ಸಾವಿರ ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅಕ್ಕಿ ಹೊರಗೆ ಮುದ್ದೆ, ಒಳಗೆ ಗಟ್ಟಿ, ತೊಗರಿಬೇಳೆಯಂತೂ ಬೇಯುವುದೇ ಇಲ್ಲ. ಎರಡು ಲೀಟರಿನ ಪ್ರೆಷರ್ ಕುಕ್ಕರ್ ಬೇಕು, ಮನೆಗಿಂತ ಎರಡು ಸೀಟಿ ಹೆಚ್ಚು ಕೂಗಿಸಿ, ಬೇಳೆಯನ್ನು ಬೆಳಗ್ಗೆಯೇ ನೆನೆಹಾಕಿ. ಕೆಳಗಿನಿಂದ ಒಯ್ದ ಸಾರಿನಪುಡಿ ಡಬ್ಬಿಯ ಮುಚ್ಚಳವನ್ನು ಮೇಲೆ ತೆರೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿರಿ, ಒಳಗಿನ ಗಾಳಿ ಪುಡಿಯನ್ನು ಕಣ್ಣಿಗೇ ಎರಚುತ್ತದೆ. ಕುಕ್ಕರ್ ಬೇಡವೆಂದರೆ ತೆಳು ಅವಲಕ್ಕಿ, ಚಟ್ನಿಪುಡಿ, ಮೊಸರು. ಅದಕ್ಕೆ ಯಾವ ಎತ್ತರವೂ ಅಡ್ಡಿಯಿಲ್ಲ.